ತಮ್ಮನಿಗಾಗಿ ಹಾಕುವ ಸಹಿ



ದರ್ಸ್‌ನಲ್ಲಿ ಕಲಿಯುತ್ತಿದ್ದ ದಿನಗಳಲ್ಲಿ ಮೂರು ವರ್ಷ ನಾನು ಒಂದೇ ಮನೆಯ ಊಟ ಉಂಡವನು. ಮಸೀದಿಯಲ್ಲಿ ಕಲಿಯುವ ಮುತಅಲ್ಲಿಮರ ಊಟವನ್ನು ಊರಿನ ಮನೆಗಳು ಹಂಚಿಕೊಳ್ಳುವ ನಮ್ಮ ಕರಾವಳಿಯ ಪದ್ಧತಿ ನಿಮಗೆ ತಿಳಿದದ್ದೇ. ಆ ಮನೆಯ ತಾಯಿ ತನ್ನ ಮಕ್ಕಳಿಗಿಂತ ಮೊದಲು ನನಗೆ ಬಡಿಸುತ್ತಿದ್ದರು. ಜ್ವರ ಬಂದರೆ ಮಗನ ಕೈಯಲ್ಲಿ ಗಂಜಿ ಕಳುಹಿಸುತ್ತಿದ್ದರು. ಅಂದು ನನ್ನನ್ನು ‘ಮೋನೇ’ ಎಂದು ಕರೆಯುತ್ತಿದ್ದವರು, ನಾನು ಮದ್ರಸಕ್ಕೆ ಅಧ್ಯಾಪಕನಾಗಿ ಬಂದ ಮೇಲೆ ‘ಉಸ್ತಾದರೇ’ ಎನ್ನತೊಡಗಿದರು.

ಒಂದು ಶುಕ್ರವಾರ ಜುಮಾ ಮುಗಿದ ಬಳಿಕ ಆ ತಾಯಿ ಮದ್ರಸದ ಜಗಲಿಗೆ ಬಂದು ಕುಳಿತರು. ‘ಉಸ್ತಾದರೇ, ಒಂದು ಕಾಗದ ಬರೆದು ಕೊಡಬೇಕಿತ್ತು. ಮದ್ರಸದ ಮೊಹರು ಹಾಕಿ’ ಎಂದರು.

ಏನು ಕಾಗದ ಎಂದು ಕೇಳಿದೆ. ತನ್ನ ಮಗ ಇಂತಿಂಥ ಮೂರು ವರ್ಷ ನಮ್ಮ ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಎಂದು ಬರೆಯಬೇಕಂತೆ. ಆ ಮೂರು ವರ್ಷ ಅವನು ಎಲ್ಲಿದ್ದ ಎಂಬುದು ಇಡೀ ಊರಿಗೇ ಗೊತ್ತು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ನಾನಿಲ್ಲಿ ಬದಲಿಸಿದ್ದೇನೆ. ವಿಷಯದ ತಿರುಳು ಮಾತ್ರ ಇದೇ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋದವಳು. ಅವಳ ಹೆರಿಗೆಯ ಸಮಯದಲ್ಲಿ ತಮ್ಮ ಸಂದರ್ಶಕ ವೀಸಾದಲ್ಲಿ ಹೋದ. ವಿಮಾನ ನಿಲ್ದಾಣದಲ್ಲಿ ಆರು ತಿಂಗಳ ಅನುಮತಿ ಸಿಕ್ಕಿತು. ಆರು ತಿಂಗಳು ಮೂರು ವರ್ಷವಾಯಿತು. ಒಂದು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡಿದ. ಕೊನೆಗೆ ತಂದೆಯ ಮರಣವಾರ್ತೆ ಕೇಳಿ ಸಿಕ್ಕಿದ ವಿಮಾನ ಹತ್ತಿ ಬಂದ. ಬರುವಷ್ಟರಲ್ಲಿ ಮಯ್ಯಿತ್ ದಫನವಾಗಿತ್ತು. ಈಗ ಅಕ್ಕನಿಗೆ ಅಲ್ಲಿಯ ಪೌರತ್ವ ಸಿಕ್ಕಿದೆ. ಅವಳು ತಮ್ಮನಿಗಾಗಿ ಅರ್ಜಿ ಹಾಕಬಹುದು. ಆದರೆ ‘ಅವಧಿ ಮೀರಿ ಉಳಿದದ್ದನ್ನು ಕಾಣಿಸಿದರೆ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ, ಆ ವರ್ಷಗಳಲ್ಲಿ ಊರಲ್ಲೇ ಇದ್ದ ಎಂದು ತೋರಿಸಿ’ ಎಂದು ಪೇಟೆಯ ಒಬ್ಬ ದಲ್ಲಾಳಿ ಹೇಳಿಕೊಟ್ಟಿದ್ದಾನೆ.

ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೂಡದು ಎಂದು ಆ ಕ್ಷಣವೇ ಹೇಳುವ ಧೈರ್ಯ ನನಗೆ ಬರಲಿಲ್ಲ. ಮೊಹರಿನ ಡಬ್ಬಿ ಕೈಗೆತ್ತಿಕೊಂಡಿದ್ದೆ. ಆಮೇಲೆ, ಶಾಯಿ ಒಣಗಿದೆ, ಸೋಮವಾರ ಬನ್ನಿ ಉಮ್ಮಾ ಎಂದೆ. ಅದೂ ಒಂದು ಸುಳ್ಳೇ. ಆ ಮೂರು ರಾತ್ರಿ ನನ್ನ ಮನಸ್ಸು ಮಾಡಿದ ವಾದಗಳನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಗಳಲ್ಲಿಯೂ ಇವೇ ವಾದಗಳು ಕೇಳಿಬರುತ್ತಿರಬಹುದು.

ಮೊದಲನೆಯದು ಅನ್ನದ ಋಣ. ಎರಡನೆಯದು, ರಕ್ತಸಂಬಂಧ ಜೋಡಿಸುವುದು ಪುಣ್ಯ ತಾನೇ ಎಂಬುದು. ಮೂರನೆಯದು, ಅದು ನಮ್ಮ ದೇಶವೂ ಅಲ್ಲ, ಅಲ್ಲಿಯ ಕಾನೂನು ಶರೀಅತ್ತೂ ಅಲ್ಲ, ಅದನ್ನು ಮುರಿದರೆ ಪಾಪವೇನು ಎಂಬ ಮಾತು. ನಾಲ್ಕನೆಯದನ್ನು ಎಲ್ಲರೂ ಬಲ್ಲಿರಿ: ಎಲ್ಲರೂ ಮಾಡುತ್ತಾರೆ.

ಮೂರನೆಯ ವಾದವನ್ನು ಮೊದಲು ನೋಡೋಣ. ವಿದ್ಯಾವಂತರ ಬಾಯಲ್ಲೂ ನಾನದನ್ನು ಕೇಳಿದ್ದೇನೆ. ಸಹೋದರರೇ, ವೀಸಾ ಎಂಬುದು ಒಂದು ಕರಾರು. ‘ಇಷ್ಟು ದಿನ ಇರುತ್ತೇನೆ, ಇಂಥದ್ದನ್ನು ಮಾಡುವುದಿಲ್ಲ’ ಎಂದು ನೀವು ಮಾತು ಕೊಡುತ್ತೀರಿ, ಅವರು ಬಾಗಿಲು ತೆರೆಯುತ್ತಾರೆ. ನಮ್ಮ ಪೂರ್ವಿಕ ವಿದ್ವಾಂಸರು ಇದನ್ನು ‘ಅಮಾನ್’ ಎಂದು ಕರೆದರು. ಅನ್ಯರ ನಾಡಿಗೆ ಅಮಾನ್ ಪಡೆದು ಪ್ರವೇಶಿಸಿದ ಮುಸ್ಲಿಮನು ಅಲ್ಲಿಯವರಿಗೆ ವಂಚನೆ ಮಾಡಕೂಡದೆಂದು ಹನಫೀ ಮತ್ತು ಶಾಫಿಈ ಕರ್ಮಶಾಸ್ತ್ರ ಗ್ರಂಥಗಳು ಹೇಳುತ್ತವೆ. ಕರಾರಿನ ಬಗ್ಗೆ ನಾಳೆ ವಿಚಾರಣೆಯಿದೆ ಎಂದು ಎಚ್ಚರಿಸುವ ಬನೂ ಇಸ್ರಾಈಲ್ ಅಧ್ಯಾಯದ 34ನೇ ಸೂಕ್ತವು, ಮುಸ್ಲಿಮರೊಂದಿಗೆ ಮಾಡಿದ ಕರಾರು ಮಾತ್ರ ಎಂದು ಹೇಳಿಲ್ಲ.

ಹ. ಹುಝೈಫಾ(ರ) ಮತ್ತು ಅವರ ತಂದೆ ಮದೀನಕ್ಕೆ ಹೊರಟಾಗ ಕುರೈಶರು ದಾರಿಯಲ್ಲಿ ತಡೆದರು. ಪ್ರವಾದಿಯವರ ಜೊತೆ ಸೇರಿ ಯುದ್ಧ ಮಾಡುವುದಿಲ್ಲ ಎಂದು ಮಾತು ಕೊಡಿಸಿಕೊಂಡು ಬಿಟ್ಟರು. ಬದ್ರ್‌ನ ದಿನಗಳು ಅವು. ಮುಸ್ಲಿಮರು ಮುನ್ನೂರು ಚಿಲ್ಲರೆ, ಎದುರಾಳಿಗಳು ಸಾವಿರದಷ್ಟು. ಒಬ್ಬೊಬ್ಬನೂ ಅಮೂಲ್ಯ. ಆದರೂ ಪ್ರವಾದಿವರ್ಯರು(ಸ) ಆ ತಂದೆ ಮಗನಿಗೆ, ಅವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಿರೆಂದು ಹೇಳಿ ಯುದ್ಧದಿಂದ ಹೊರಗಿಟ್ಟರು. ಕೊಲ್ಲಲು ಬಂದ ಶತ್ರುವಿಗೆ, ಬಲವಂತದಿಂದ ಕೊಟ್ಟ ಮಾತು ಅದು. ನಾವಾದರೋ ನಮ್ಮ ಇಚ್ಛೆಯಿಂದ, ಶುಲ್ಕ ಕಟ್ಟಿ, ಸಾಲಿನಲ್ಲಿ ನಿಂತು ಮಾತು ಕೊಟ್ಟು ಬಂದವರು!

ಇನ್ನು ರಕ್ತಸಂಬಂಧದ ವಾದ. ಇದು ಸುಲಭದ್ದಲ್ಲ. ಯಾಕೆಂದರೆ ತಮ್ಮನಿಗಾಗಿ ಶಿಫಾರಸು ಮಾಡುವುದು ನಿಜಕ್ಕೂ ಪುಣ್ಯವೇ. ತನ್ನ ಸಹೋದರನಿಗಾಗಿ ಹ. ಮೂಸಾ(ಅ) ಮಾಡಿದಂಥ ಶಿಫಾರಸನ್ನು ಯಾವ ಸಹೋದರನೂ ಮಾಡಿಲ್ಲ. ಹಾರೂನ್‌ರನ್ನು(ಅ) ನನ್ನ ಜೊತೆಗೆ ಕೊಡು, ಅವರಿಂದ ನನ್ನ ಬೆನ್ನು ಗಟ್ಟಿಯಾಗಲಿ ಎಂದು ಅಲ್ಲಾಹನಲ್ಲೇ ಬೇಡಿದರು, ಅದು ಮಂಜೂರಾಯಿತು. ಆದರೆ ಅಲ್ ಕಸಸ್ ಅಧ್ಯಾಯದಲ್ಲಿ ಆ ಬೇಡಿಕೆಯ ಸ್ವಲ್ಪ ಮುಂಚಿನ ಮಾತನ್ನು ಓದಿ ನೋಡಿರಿ. ಅವರಲ್ಲೊಬ್ಬನನ್ನು ನಾನು ಕೊಂದಿದ್ದೇನೆ ಎಂದು ಮೂಸಾ(ಅ) ಮೊದಲು ಹೇಳುತ್ತಾರೆ, ಆಮೇಲೆ ತಮ್ಮ ಸಹೋದರನನ್ನು ಬೇಡುತ್ತಾರೆ. ತನ್ನ ಮೇಲಿರುವ ದೋಷವೂ ಸಹೋದರನ ಬೇಡಿಕೆಯೂ ಒಂದೇ ಉಸಿರಿನಲ್ಲಿವೆ. ಎಷ್ಟೋ ವರ್ಷ ಮಕ್ಕಳಿಗೆ ಆ ಪಾಠ ಹೇಳಿಕೊಟ್ಟಿದ್ದೇನೆ. ಆ ಸೋಮವಾರದ ಹಿಂದಿನ ರಾತ್ರಿಯವರೆಗೆ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶಿಫಾರಸಿನಲ್ಲಿಯೂ ಎರಡು ಬಗೆಯುಂಟೆಂದು ಅನ್ನಿಸಾ ಅಧ್ಯಾಯದ 85ನೇ ಸೂಕ್ತ ತಿಳಿಸುತ್ತದೆ: ಒಳ್ಳೆಯದನ್ನು ಮಾಡಿದವನಿಗೆ ಅದರಲ್ಲಿ ಪಾಲು, ಕೆಟ್ಟದ್ದನ್ನು ಮಾಡಿದವನಿಗೆ ಅದರ ಹೊರೆಯಲ್ಲಿ ಪಾಲು. ಅದೇ ಅಧ್ಯಾಯದ 135ನೇ ಸೂಕ್ತದಲ್ಲಿ, ಸ್ವತಃ ನಮ್ಮ ವಿರುದ್ಧವಾದರೂ, ತಂದೆತಾಯಿಯ, ಬಂಧುಗಳ ವಿರುದ್ಧವಾದರೂ ಸತ್ಯದ ಸಾಕ್ಷ್ಯ ನುಡಿಯಿರೆಂಬ ಆಜ್ಞೆಯಿದೆ. ಇಲ್ಲಿ ಬಂಧುಗಳನ್ನು ಹೆಸರಿಸಿ ಹೇಳಿರುವುದಕ್ಕೆ ಕಾರಣವಿದೆ. ಪರರಿಗಾಗಿ ಸುಳ್ಳು ಹೇಳುವ ಪ್ರಸಂಗ ನಮಗೆ ಬರುವುದೇ ಅಪರೂಪ. ನಾವು ಸುಳ್ಳು ಹೇಳುವುದು ನಮ್ಮವರಿಗಾಗಿಯೇ.

ಹಿಜರಿ 6ನೇ ವರ್ಷ, ಅಂದರೆ ಕ್ರಿ.ಶ. 628ರ ಹುದೈಬಿಯಾ ಸಂಧಿಯ ಪ್ರಸಂಗವನ್ನು ನೀವು ಹಲವು ಬಾರಿ ಕೇಳಿದ್ದೀರಿ. ಮಕ್ಕಾದಿಂದ ಪೋಷಕರ ಅನುಮತಿಯಿಲ್ಲದೆ ಬಂದವರನ್ನು ಹಿಂದೆ ಕಳುಹಿಸಬೇಕೆಂಬುದು ಅದರ ಒಂದು ಶರತ್ತು. ಕುರೈಶರ ಪರವಾಗಿ ಮಾತಾಡಲು ಬಂದವನು ಸುಹೈಲ್ ಬಿನ್ ಅಮ್ರ್. ಸಂಧಿಯ ಕಾಗದ ಬರೆಯುತ್ತಿರುವಾಗಲೇ ಅವನ ಮಗ ಅಬೂ ಜಂದಲ್(ರ) ಕಾಲಿನ ಬೇಡಿಯನ್ನು ಎಳೆಯುತ್ತಾ ಬಂದು ಮುಸ್ಲಿಮರ ನಡುವೆ ಬಿದ್ದರು. ಇಸ್ಲಾಮ್ ಸ್ವೀಕರಿಸಿದ್ದಕ್ಕಾಗಿ ತಂದೆಯೇ ಹಾಕಿಸಿದ ಬೇಡಿ ಅದು. ಇವನನ್ನು ಮೊದಲು ಹಿಂದೆ ಕಳುಹಿಸಿ ಎಂದ ಸುಹೈಲ್. ಇವನೊಬ್ಬನನ್ನು ನನಗೆ ಬಿಟ್ಟುಕೊಡು ಎಂದು ಪ್ರವಾದಿವರ್ಯರು(ಸ) ಕೇಳಿಕೊಂಡರು. ಅವನು ಒಪ್ಪಲಿಲ್ಲ. ಮುಸ್ಲಿಮರೇ, ನನ್ನನ್ನು ಮತ್ತೆ ಅವರ ಕೈಗೆ ಕೊಡುತ್ತೀರಾ ಎಂದು ಅಬೂ ಜಂದಲ್ ಕೂಗುತ್ತಿದ್ದರು. ಹ. ಉಮರ್(ರ) ತಳಮಳಿಸಿಹೋದರು. ಪ್ರವಾದಿವರ್ಯರು(ಸ) ಅವರನ್ನು ಹಿಂದೆ ಕಳುಹಿಸಿದರು. ಸಹನೆಯಿಂದಿರು, ಅಲ್ಲಾಹನು ನಿನಗೂ ನಿನ್ನಂಥವರಿಗೂ ದಾರಿ ತೋರಿಸುವನು, ನಾವು ಮಾತು ಕೊಟ್ಟಾಗಿದೆ ಎಂದು ಸಮಾಧಾನ ಹೇಳಿದರು.

ಇಷ್ಟು ಎಲ್ಲ ಪ್ರವಚನಗಳಲ್ಲೂ ಬರುತ್ತದೆ. ಬಾರದ ಒಂದು ಅಂಶವಿದೆ. ಇಬ್ನ್ ಇಸ್ಹಾಕ್‌ರು ಬರೆದ ಪ್ರವಾದಿ ಚರಿತ್ರೆಯಲ್ಲಿ ಆ ಸಂಧಿಗೆ ಸಾಕ್ಷಿಗಳಾಗಿ ನಿಂತವರ ಹೆಸರುಗಳಿವೆ. ಹ. ಅಬೂಬಕರ್(ರ), ಹ. ಉಮರ್(ರ) ಮೊದಲಾದವರ ಜೊತೆಗೆ ಅಬ್ದುಲ್ಲಾ ಬಿನ್ ಸುಹೈಲ್(ರ) ಎಂಬ ಹೆಸರೂ ಇದೆ. ಇವರು ಅಬೂ ಜಂದಲ್‌ರ ಒಡಹುಟ್ಟಿದವರು! ತನ್ನ ಸಹೋದರನನ್ನು ಬೇಡಿ ಸಮೇತ ಹಿಂದಕ್ಕೆ ಕಳುಹಿಸಿದ ಕಾಗದಕ್ಕೆ ಅವರು ಸಾಕ್ಷಿಯಾದರು. ಆ ಸಂಜೆ ಅವರ ಗಂಟಲಿನಲ್ಲಿ ಅನ್ನ ಇಳಿಯಿತೋ ಇಲ್ಲವೋ, ಚರಿತ್ರೆ ಹೇಳುವುದಿಲ್ಲ. ಮುಂದೆ ಅಬೂ ಜಂದಲ್(ರ) ಪಾರಾಗಿ ಕಡಲ ತೀರದ ಕಡೆ ಹ. ಅಬೂ ಬಸೀರ್‌ರನ್ನು(ರ) ಸೇರಿಕೊಂಡರು. ಕೊನೆಗೆ ಕುರೈಶರೇ ಆ ಶರತ್ತು ಬೇಡವೆಂದು ಕೇಳಿಕೊಳ್ಳುವಂತಾಯಿತು.

ಸೋಮವಾರ ಆ ತಾಯಿ ಬಂದಾಗ, ಉಮ್ಮಾ, ನನ್ನಿಂದ ಆಗುವುದಿಲ್ಲ ಎಂದೆ. ಅವರು ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆ ವರ್ಷದ ರಮಝಾನ್‌ನಲ್ಲಿ ಅವರ ಮನೆಯಿಂದ ಪತ್ತಿರಿ ಬರಲಿಲ್ಲ.

ಇಲ್ಲಿಗೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಹಾಗೆ ಭಾವಿಸಿದ್ದು ತಪ್ಪು. ಹರಾಮ್ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವುದು ಸುಲಭ. ಹಲಾಲಾದ ದಾರಿ ಇದೆಯೇ ಎಂದು ಹುಡುಕಿಕೊಡುವ ಶ್ರಮ ಎಷ್ಟು ಉಸ್ತಾದರು ತೆಗೆದುಕೊಳ್ಳುತ್ತೇವೆ? ಅಕ್ಕನ ದೂರವಾಣಿ ಸಂಖ್ಯೆ ಪಡೆದು ಮಾತಾಡಿದೆ. ವಲಸೆ ಕಾನೂನು ಬಲ್ಲ ಒಬ್ಬ ವಕೀಲರನ್ನು ಕಾಣುವಂತೆ ಒತ್ತಾಯಿಸಿದೆ. ಅವಳು ತಿಳಿದುಕೊಂಡು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ನಾನು ವಕೀಲನಲ್ಲ. ಆದರೆ ದಲ್ಲಾಳಿ ಹೇಳಿದ್ದು ತಪ್ಪೆಂದು ತಿಳಿಯಲು ಇಷ್ಟು ಸಾಕು.

ಅಮೆರಿಕದಲ್ಲಿ ಸಹೋದರ ಸಹೋದರಿಯರಿಗಾಗಿ ಅರ್ಜಿ ಹಾಕಲು ಪೌರರಿಗೆ ಮಾತ್ರ ಹಕ್ಕು, ವಯಸ್ಸು 21 ತುಂಬಿರಬೇಕು. ಗ್ರೀನ್ ಕಾರ್ಡ್ ಮಾತ್ರ ಇದ್ದವರಿಗೆ ಆ ಹಕ್ಕಿಲ್ಲ. ಐ-130 ಎಂಬ ಆ ಅರ್ಜಿಯಲ್ಲಿ ಮುಖ್ಯವಾಗಿ ನೋಡುವುದು ಇವರಿಬ್ಬರೂ ನಿಜವಾಗಿ ಒಡಹುಟ್ಟಿದವರೇ ಎಂಬುದನ್ನು. ತಮ್ಮ ಹಿಂದೊಮ್ಮೆ ಅವಧಿ ಮೀರಿ ಉಳಿದಿದ್ದ ಎಂಬ ಕಾರಣಕ್ಕೆ ಅಕ್ಕನ ಅರ್ಜಿ ತಿರಸ್ಕೃತವಾಗುವುದಿಲ್ಲ. ಆ ಪ್ರಶ್ನೆ ಏಳುವುದು ಸರದಿ ಬಂದು ಅವನು ವೀಸಾ ಕೇಳುವಾಗ.

ಸರದಿಯೋ, ಬಹಳ ಉದ್ದ. ಈ ವರ್ಗಕ್ಕೆ ಜಗತ್ತಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 65,000 ವೀಸಾಗಳು. ಅದರ ಮೇಲೆ, ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಬೇರೆ. 2025ರಲ್ಲಿ ಭಾರತದವರಿಗೆ 2006ರಲ್ಲಿ ಹಾಕಿದ ಅರ್ಜಿಗಳ ಸರದಿ ನಡೆಯುತ್ತಿತ್ತು. ಅಂದರೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ.

ಇನ್ನು ಶಿಕ್ಷೆ. ಅಲ್ಲಿ 1996ರಲ್ಲಿ ಬಂದು 1997ರ ಎಪ್ರಿಲ್ 1ರಿಂದ ಜಾರಿಯಾದ ಕಾನೂನಿನ ಪ್ರಕಾರ, 180 ದಿನಕ್ಕಿಂತ ಹೆಚ್ಚು, ಆದರೆ ಒಂದು ವರ್ಷಕ್ಕಿಂತ ಕಡಿಮೆ ಅನಧಿಕೃತವಾಗಿ ಉಳಿದು ಹೊರಟವನಿಗೆ ಮೂರು ವರ್ಷ ಪ್ರವೇಶವಿಲ್ಲ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಉಳಿದವನಿಗೆ ಹತ್ತು ವರ್ಷ. ಈ ಲೆಕ್ಕ ಆರಂಭವಾಗುವುದು ಅವನು ಆ ದೇಶ ಬಿಟ್ಟ ದಿನದಿಂದ. ವಿನಾಯಿತಿ ಕೇಳಬೇಕಾದರೆ ಅಲ್ಲಿಯ ಪೌರರೋ ಕಾಯಂ ನಿವಾಸಿಯೋ ಆಗಿರುವ ಪತಿ, ಪತ್ನಿ ಅಥವಾ ತಂದೆತಾಯಿಗೆ ತೀವ್ರ ಕಷ್ಟವಾಗುತ್ತದೆಂದು ತೋರಿಸಬೇಕು. ಅಕ್ಕನ ಕಷ್ಟ ಅಲ್ಲಿ ಲೆಕ್ಕಕ್ಕಿಲ್ಲ.

ಈಗ ಎರಡನ್ನೂ ಕೂಡಿಸಿ ನೋಡಿರಿ. ನಿಷೇಧ ಹತ್ತು ವರ್ಷ, ಸರದಿ ಸುಮಾರು ಇಪ್ಪತ್ತು. ಊರಿಗೆ ಮರಳಿ ಬಂದಿರುವ ತಮ್ಮನ ನಿಷೇಧವು ಸರದಿ ಕಾಯುತ್ತಿರುವಾಗಲೇ ಮುಗಿದುಹೋಗಿರುತ್ತದೆ! ಯಾವುದನ್ನು ಮುಚ್ಚಿಡಲು ನನ್ನ ಮೊಹರು ಬೇಕಾಗಿತ್ತೋ ಅದು ಅವನ ದಾರಿಗೆ ಅಡ್ಡವೇ ಆಗಿರಲಿಲ್ಲ. ಬದಲಿಗೆ, ವೀಸಾಕ್ಕಾಗಿ ಸುಳ್ಳು ಹೇಳಿ ವಂಚಿಸಿದನೆಂದು ಸಾಬೀತಾದರೆ ಆ ನಿಷೇಧಕ್ಕೆ ಅವಧಿಯೇ ಇಲ್ಲ, ಜೀವನಪರ್ಯಂತ. ಅವನು ಬಂದು ಇಳಿದ ದಿನಾಂಕ ಅವರ ದಾಖಲೆಯಲ್ಲೇ ಇದೆ. ವೀಸಾದ ಅರ್ಜಿಯಲ್ಲಿ, ಎಂದಾದರೂ ಅವಧಿ ಮೀರಿ ಉಳಿದಿದ್ದೀರಾ ಎಂದು ನೇರವಾಗಿಯೇ ಕೇಳುತ್ತಾರೆ. ಕಲಿಸದ ಮದ್ರಸದ ಕಾಗದವೊಂದು ಹತ್ತು ವರ್ಷದ ಬೀಗವನ್ನು ಒಂದು ಜನ್ಮದ ಬೀಗವನ್ನಾಗಿ ಮಾಡುತ್ತಿತ್ತು. ಹಾಕುವ ಕೈ ನನ್ನದಾಗಿರುತ್ತಿತ್ತು.

ಆ ತಾಯಿಯ ಮಗ ಮರಳಿ ಬಂದವನು. ಇನ್ನೂ ಅಲ್ಲೇ ಅಡಗಿ ಕುಳಿತವರ ಕಷ್ಟ ಬೇರೆ. ಅಕ್ಕನ ಅರ್ಜಿಯು ಅವರಿಗೆ ಉಳಿಯುವ ಹಕ್ಕನ್ನೂ ಕೊಡುವುದಿಲ್ಲ, ದುಡಿಯುವ ಹಕ್ಕನ್ನೂ ಕೊಡುವುದಿಲ್ಲ. ಪತಿ, ಪತ್ನಿಯ ಮೂಲಕ ಅರ್ಜಿ ಹಾಕಿಸಿಕೊಂಡವರಿಗೆ ಅಲ್ಲೇ ಇದ್ದು ಸರಿಪಡಿಸಿಕೊಳ್ಳಲು ಇರುವ ಅವಕಾಶ ಒಡಹುಟ್ಟಿದವರ ವರ್ಗಕ್ಕೆ, 2001ರ ಎಪ್ರಿಲ್ 30ರೊಳಗೆ ಅರ್ಜಿ ಬಿದ್ದ ಹಳೆಯ ಪ್ರಕರಣಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಇಲ್ಲ. (ಅದಕ್ಕಾಗಿ ಹಣ ಕೊಟ್ಟು ಹೆಸರಿಗೊಂದು ನಿಕಾಹ್ ಮಾಡಿಕೊಳ್ಳುವವರಿದ್ದಾರೆ. ನಿಕಾಹನ್ನು ಅಲ್ಲಾಹನ ಹೆಸರಿನಲ್ಲಿ ಮಾಡಿದ ಗಟ್ಟಿ ಕರಾರೆಂದು ಕಲಿಸುವ ನನಗೆ ಅದರ ಬಗ್ಗೆ ಬರೆಯಲೂ ಕೈ ಬರುವುದಿಲ್ಲ.) ಹೋದರೆ ಹತ್ತು ವರ್ಷ ಬಾಗಿಲು ಮುಚ್ಚುತ್ತದೆಂಬ ಹೆದರಿಕೆಯಿಂದ ತಂದೆಯ ಜನಾಝಕ್ಕೂ ಬಾರದವರನ್ನು ನಾನು ಬಲ್ಲೆ. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ನಿಮ್ಮ ಮನೆಯಿಂದ ಯಾರಾದರೂ ಈಗ ಸಂದರ್ಶಕರಾಗಿ ಹೋಗಿದ್ದರೆ ಇಂದೇ ತಿಳಿಸಿರಿ: ಪಾಸ್‌ಪೋರ್ಟ್‌ನಲ್ಲಿರುವ ಹತ್ತು ವರ್ಷದ ವೀಸಾ ಮುದ್ರೆಯನ್ನು ನಂಬಿ ಕೂರಬೇಡಿ. ಇರಬಹುದಾದ ಕೊನೆಯ ದಿನ ಐ-94 ಎಂಬ ಪ್ರವೇಶ ದಾಖಲೆಯಲ್ಲಿದೆ. ಅದು ದಾಟಿಹೋಗಿದ್ದರೂ 180 ದಿನ ತುಂಬುವ ಮೊದಲು ಹೊರಟವನಿಗೆ ಈ ಮೂರು, ಹತ್ತು ವರ್ಷಗಳ ನಿಷೇಧ ತಗುಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿದ್ದರೆ ಹೊರಡುವ ಮುನ್ನ ಬಲ್ಲ ವಕೀಲರನ್ನು ಕಾಣಲಿ, ದಲ್ಲಾಳಿಯನ್ನಲ್ಲ.

ಇನ್ನೊಂದು ಅಡ್ಡದಾರಿಯ ಮಾತು. ನಮ್ಮ ಕನ್ನಡದಲ್ಲಿ ಚಿಕ್ಕಪ್ಪನ ಮಗನೂ ತಮ್ಮನೇ, ದೊಡ್ಡಮ್ಮನ ಮಗನೂ ಅಣ್ಣನೇ. ಬಾಯಿತುಂಬ ಹಾಗೆ ಕರೆಯುವುದು ನಮ್ಮ ಭಾಷೆಯ ಚೆಲುವು. ಆದರೆ ಅದನ್ನೇ ನೆಪಮಾಡಿ ಚಿಕ್ಕಪ್ಪನ ಮಗನ ದಾಖಲೆಯಲ್ಲಿ ತನ್ನ ತಂದೆಯ ಹೆಸರು ಬರೆಸುವವರಿದ್ದಾರೆ. ಪ್ರವಾದಿವರ್ಯರು(ಸ) ಮಗನಂತೆ ಸಾಕಿದ ಹ. ಝೈದ್‌ರನ್ನೇ(ರ) ಅವರ ಹೆತ್ತ ತಂದೆ ಹಾರಿಸರ ಹೆಸರಿನಿಂದ ಕರೆಯಬೇಕೆಂಬ ಆದೇಶ ಬಂದಿತು. ತಂದೆಯ ಹೆಸರು ಬದಲಿಸುವುದು ಸಣ್ಣ ಪಾಪವೆಂದು ತಿಳಿಯಬೇಡಿರಿ. ಹಾಲು ಸಂಬಂಧದ ತಮ್ಮ ನಮ್ಮ ಶರೀಅತ್ತಿನಲ್ಲಿ ಮಹ್ರಮ್, ಆ ಕಾನೂನಿಗೆ ಪರಕೀಯ. ಇರುವುದನ್ನು ಇದ್ದಂತೆ ಹೇಳಬೇಕು. ಒಬ್ಬ ತಂದೆಯ, ಇಬ್ಬರು ತಾಯಂದಿರ ಮಕ್ಕಳಿಗೆ ಮಾತ್ರ ಹೆದರಿಕೆ ಬೇಡ. ಅವರೂ ಅಲ್ಲಿ ಒಡಹುಟ್ಟಿದವರೇ.

ಈಗ ಅಕ್ಕಂದಿರಿಗೆ, ಅಣ್ಣಂದಿರಿಗೆ ಎರಡು ಮಾತು. ಈ ಕಥೆಯ ಅಕ್ಕ ಸುಳ್ಳಿಗೆ ಸಹಿ ಹಾಕಲು ಒಪ್ಪಿರಲಿಲ್ಲ. ಅಲ್ಲಾಹನು ಅವಳಿಗೆ ಪ್ರತಿಫಲ ನೀಡಲಿ. ಆದರೆ ಅದೇ ಸಿಟ್ಟಿನಲ್ಲಿ ಎರಡು ವರ್ಷ ತಮ್ಮನೊಡನೆ ಮಾತೂ ಬಿಟ್ಟಿದ್ದಳು, ಅರ್ಜಿಯನ್ನೂ ಹಾಕಿರಲಿಲ್ಲ. ಅರ್ಜಿ ಮುಟ್ಟಿದ ದಿನಾಂಕವೇ ಸರದಿಯ ಸ್ಥಾನ. ಅವಳ ಸಿಟ್ಟಿನ ಎರಡು ವರ್ಷ ತಮ್ಮನ ಸರದಿಯಿಂದ ಕಳೆದುಹೋದವು. ಅವನ ಹೆಂಡತಿಯೂ 21 ತುಂಬದ ಅವಿವಾಹಿತ ಮಕ್ಕಳೂ ಅದೇ ಅರ್ಜಿಯ ಮೇಲೆ ಹೋಗಬಹುದಾದವರು. ಮಕ್ಕಳ ವಯಸ್ಸು ಯಾರ ಸಿಟ್ಟಿಗೂ ಕಾಯುವುದಿಲ್ಲ. ಅನ್ಯಾಯ ಮಾಡುವ ಸಹೋದರನಿಗೂ ನೆರವಾಗಿ ಎಂದ ಪ್ರವಾದಿವರ್ಯರು(ಸ), ಆ ನೆರವೆಂದರೆ ಅವನನ್ನು ಅನ್ಯಾಯದಿಂದ ತಡೆಯುವುದೆಂದು ವಿವರಿಸಿದರು. ತಡೆಯಬೇಕಾದರೆ ಹತ್ತಿರವಿರಬೇಡವೇ?

ಸಹಿ ಹಾಕುವ ಮೊದಲು ಅದರ ಭಾರವನ್ನೂ ತಿಳಿದಿರಿ. ಸರದಿ ಬಂದಾಗ ಅಕ್ಕ ಜಾಮೀನು ಪತ್ರ ಕೊಡಬೇಕು. ಬಡತನದ ರೇಖೆಯೆಂದು ಅಲ್ಲಿಯ ಸರಕಾರ ಗೊತ್ತುಮಾಡಿದ ಆದಾಯದ ಶೇಕಡಾ 125ರಷ್ಟಾದರೂ ತನಗಿದೆ, ಇವನನ್ನು ನೋಡಿಕೊಳ್ಳುತ್ತೇನೆ ಎಂಬ ಪತ್ರ ಅದು. ಅವನು ಪೌರನಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದಷ್ಟು ದುಡಿಮೆ ಅವನ ಲೆಕ್ಕಕ್ಕೆ ಬರುವವರೆಗೆ ಸಾಮಾನ್ಯವಾಗಿ ಆ ಹೊಣೆ ಇಳಿಯದು. ಸಾಲ ತೀರಿಸದೆ ತೀರಿಕೊಂಡ ಒಬ್ಬರ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗದಿದ್ದಾಗ ಹ. ಅಬೂ ಕತಾದಾ(ರ), ಆ ಸಾಲ ನನ್ನ ಮೇಲಿರಲಿ ಎಂದರು. ಆಮೇಲೆಯೇ ನಮಾಝ್ ನಡೆಯಿತು. ಜಾಮೀನು ಎಂದರೆ ಅದು. ಸಂಸಾರವುಳ್ಳ ಅಕ್ಕ ಪತಿಯೊಡನೆ ಕೂತು ಆಲೋಚಿಸಿಯೇ ಒಪ್ಪಿಕೊಳ್ಳಲಿ. ಆಗದಿದ್ದರೆ ಆಗದೆಂದು ಹೇಳಿದವಳನ್ನು ಊರು ಕಲ್ಲು ಮನಸ್ಸಿನವಳೆಂದು ಕರೆಯದಿರಲಿ.

ಅವಳು ಕಳೆದ ವರ್ಷ ಅರ್ಜಿ ಹಾಕಿದಳು. ತಮ್ಮ ಹೋದದ್ದು, ಉಳಿದದ್ದು, ಮರಳಿದ್ದು ಎಲ್ಲವನ್ನೂ ಮುಚ್ಚಿಡದೆ ವಕೀಲರ ಮುಂದಿಟ್ಟು, ಕೇಳಿದ್ದಕ್ಕೆಲ್ಲ ಇದ್ದಂತೆ ಉತ್ತರ ಬರೆದಳು. ಅದಕ್ಕೆ ಮೊದಲು ತಮ್ಮನಿಗೆ ಫೋನ್ ಮಾಡಿದಳು. ಇಶಾ ನಮಾಝಿನ ಬಳಿಕ ನಾನೂ ಆ ಮನೆಯಲ್ಲಿದ್ದೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅವನು, ‘ಇತ್ತಾ, ಮಗುವಿಗೆ ಈಗ ಎಷ್ಟು ಹಲ್ಲು ಬಂತು?’ ಎಂದು ಕೇಳಿದ. ಅವನು ಎತ್ತಿ ಆಡಿಸಿದ ಆ ಮಗು ಈಗ ಶಾಲೆಗೆ ಹೋಗುತ್ತದೆ.

ಅರ್ಜಿ ಮುಟ್ಟಿದ ರಸೀದಿಯ ಪ್ರತಿಯನ್ನು ನಾನೇ ಓದಿ ಹೇಳಿದೆ. ಇನ್ನೆಷ್ಟು ವರ್ಷವೆಂದು ತಾಯಿ ಕೇಳಿದರು. ಇಪ್ಪತ್ತರ ಹತ್ತಿರ ಆಗಬಹುದು ಉಮ್ಮಾ ಎಂದೆ. ಅವರಿಗೆ ಅರುವತ್ತಾರು. ಬೆರಳಿನಲ್ಲಿ ಎಣಿಸಲು ಹೋಗಿ ನಡುವೆಯೇ ಬಿಟ್ಟರು. ಕಾಗದವನ್ನು ಮಡಚಿ, ಗಂಡನ ಕನ್ನಡಕವಿಟ್ಟಿದ್ದ ಪೆಟ್ಟಿಗೆಯಲ್ಲಿ ಇಟ್ಟರು. ಆಮೇಲೆ ಅಡುಗೆಮನೆಯ ಕಡೆ ನಡೆಯುತ್ತಾ, ‘ಮೋನೇ, ಕೈ ತೊಳೆದು ಬಾ. ಅನ್ನ ಆರುತ್ತದೆ’ ಎಂದರು.